ಡೈಗೆ ಬೈಯುವ ಮೊದಲು ಮಷೀನ್ ಪರೀಕ್ಷೆ ಮಾಡಿ: 50 ಶಾಟ್ ಸಾಕು

ಹುಬ್ಬಳ್ಳಿಯ ಗೋಕುಲ ರಸ್ತೆ ಇರಲಿ, ತಾರಿಹಾಳ ಇರಲಿ, ಡೈ ಕಾಸ್ಟಿಂಗ್ ಶಾಪ್‌ನಲ್ಲಿ (ಕರಗಿದ ಲೋಹವನ್ನು ಡೈ ಅಂದರೆ ಅಚ್ಚಿನೊಳಗೆ ಒತ್ತಡದಿಂದ ಹೊಡೆದು ಪೀಸ್ ಮಾಡುವಲ್ಲಿ) ಪೀಸ್ ಒಳಗೆ ಪೊರಾಸಿಟಿ, ಅಂದರೆ ಸಣ್ಣ ತೂತು, ಬಂತು ಅಂದ ಕೂಡಲೇ ಎಲ್ಲರ ಕೈ ಮೊದಲು ಹೋಗುವುದು ಡೈ ಕಡೆಗೇ. ಡೈ ಇಳಿಸಿ, ಗೇಟ್ (ಲೋಹ ಒಳಗೆ ಬರುವ ಬಾಯಿ) ಉಜ್ಜಿ, ವೆಂಟ್ (ಗಾಳಿ ಹೊರಗೆ ಹೋಗುವ ದಾರಿ) ಆಳ ಮಾಡಿ ಮತ್ತೆ ಕಟ್ಟುತ್ತಾರೆ. ಎರಡು ದಿನ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ತೂತು. ಸೆಟ್ಟಿಂಗ್ ಒಂದೇ ಇದ್ದಾಗ ಮಷೀನ್ ಪ್ರತಿ ಸಲ ಒಂದೇ ಥರ ಹೊಡೆಯುತ್ತಿದೆಯಾ ಅನ್ನೋದನ್ನು ಮೊದಲು ನೋಡಬೇಕು. ಅದು ಗೊತ್ತಾಗದೆ ಡೈ ತಿದ್ದುವುದು ಸುಮ್ನೆ ದುಡ್ಡು ಕಳೆದಂತೆ. ಇಲ್ಲಿ ಹೇಳುತ್ತಿರುವುದು ಅಲ್ಯುಮಿನಿಯಂ ಹೊಡೆಯುವ ಕೋಲ್ಡ್ ಚೇಂಬರ್ ಮಷೀನ್ ಬಗ್ಗೆ. ಇದರಲ್ಲಿ ಲ್ಯಾಡಲ್ ಅಂದರೆ ಸೌಟಿನಿಂದ ಲೋಹವನ್ನು ಸ್ಲೀವ್ ಅನ್ನೋ ಕೊಳವೆಗೆ ಸುರಿಯುತ್ತಾರೆ, ಪ್ಲಂಜರ್ ಅದನ್ನು ಡೈ ಒಳಗೆ ತಳ್ಳುತ್ತದೆ. ಪ್ಲಂಜರ್‌ನ ತುದಿಯೇ ಟಿಪ್, ಹೀಗೆ ಒಂದು ಸಲ ಹೊಡೆದರೆ ಒಂದು ಶಾಟ್.

ಒಂದೇ ಡೈ, ಒಬ್ಬನೇ ಆಪರೇಟರ್, ಒಂದೇ ಲಾಟ್‌ನ ಲೋಹ ಇಟ್ಟುಕೊಳ್ಳಿ. ಡೈ ಬಿಸಿ ಒಂದು ಹದಕ್ಕೆ ಬಂದು ನಿಲ್ಲುವವರೆಗಿನ ಶಾಟ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಂತರ 50 ಶಾಟ್ ಬಿಡದೆ ಹೊಡೆಯಿರಿ, ಮಧ್ಯೆ ಯಾರೂ ಯಾವ ನಾಬ್ ಅನ್ನೂ ಮುಟ್ಟಬಾರದು. ಗಿರ್ಮಿಟ್, ಚಹಾ ಎಲ್ಲ ಮೊದಲೇ ಮುಗಿಸಿಕೊಳ್ಳಿ, ಯಾಕಂದ್ರೆ ಹತ್ತು ನಿಮಿಷ ನಿಲ್ಲಿಸಿದರೂ ಡೈ ತಣ್ಣಗಾಗಿ ಪರೀಕ್ಷೆ ಕೆಡುತ್ತದೆ. ಪ್ರತಿ ಪೀಸ್ ಮೇಲೆ ನಂಬರ್ ಬರೆಯಿರಿ. ಅದರ ಎದುರಿಗೆ ಸ್ಲೋ ಸ್ಪೀಡ್ (ಪ್ಲಂಜರ್‌ನ ಮೊದಲ ನಿಧಾನ ವೇಗ), ಫಾಸ್ಟ್ ಸ್ಪೀಡ್ (ಡೈ ತುಂಬುವ ವೇಗ), ಇಂಟೆನ್ಸಿಫಿಕೇಶನ್ ಪ್ರೆಶರ್ (ಡೈ ತುಂಬಿದ ಮೇಲೆ ಕೊಡುವ ಕೊನೆಯ ಒತ್ತಡ), ಸೈಕಲ್ ಟೈಮ್, ಬಿಸ್ಕೆಟ್ (ಟಿಪ್ ಎದುರು ಸ್ಲೀವ್‌ನಲ್ಲಿ ಉಳಿದು ಗಟ್ಟಿಯಾದ ಲೋಹದ ಬಿಲ್ಲೆ) ದಪ್ಪ ಇಷ್ಟನ್ನು ಹೊಡೆದ ಕ್ರಮದಲ್ಲೇ ಬರೆದುಕೊಳ್ಳಿ. ಹಳೆ ಮಷೀನ್‌ನಲ್ಲಿ ಶಾಟ್ ಮಾನಿಟರ್ ಇಲ್ಲದಿದ್ದರೆ ಪ್ಲಂಜರ್ ರಾಡ್‌ಗೆ ಒಂದು ಪೊಸಿಶನ್ ಸೆನ್ಸರ್, ಹೈಡ್ರಾಲಿಕ್ ಲೈನ್‌ಗೆ ಒಂದು ಪ್ರೆಶರ್ ಸೆನ್ಸರ್ ಹಾಕಿ ಲಾಗರ್‌ಗೆ ಕೊಡಿ. ಲೋಹ ಇಲ್ಲದೆ ಖಾಲಿ ಹೊಡೆದ ಶಾಟ್‌ನ ಸ್ಪೀಡ್ ನಂಬಬೇಡಿ, ಅಲ್ಲಿ ಪ್ಲಂಜರ್‌ಗೆ ಎದುರು ಒತ್ತಡವೇ ಇರುವುದಿಲ್ಲ.

ಇದರಲ್ಲಿ ಅತಿ ಅಗ್ಗದ, ಆದರೆ ಜಾಸ್ತಿ ವಿಷಯ ಹೇಳುವ ಅಳತೆ ಬಿಸ್ಕೆಟ್ ದಪ್ಪ. ವರ್ನಿಯರ್ ಒಂದಿದ್ದರೆ ಸಾಕು. 60 ಮಿ.ಮೀ. ಟಿಪ್ ಇದೆ ಅನ್ನಿ, ಲ್ಯಾಡಲ್‌ನಲ್ಲಿ 50 ಗ್ರಾಂ ಲೋಹ ಹೆಚ್ಚು ಬಿದ್ದರೆ ಬಿಸ್ಕೆಟ್ ಸುಮಾರು 6ರಿಂದ 7 ಮಿ.ಮೀ. ದಪ್ಪವಾಗುತ್ತದೆ. ತೊಂದರೆ ಬರೀ ದಪ್ಪದ್ದಲ್ಲ. ಫಾಸ್ಟ್ ಸ್ಪೀಡ್ ಶುರುವಾಗುವ ಜಾಗವನ್ನು ನೀವು ಒಂದು ಪೊಸಿಶನ್‌ಗೆ ಕಟ್ಟಿಟ್ಟಿದ್ದೀರಿ, ಸ್ಲೀವ್‌ನಲ್ಲಿ ಲೋಹ ಹೆಚ್ಚು ಕಡಿಮೆಯಾದರೆ ಅದು ಗೇಟ್ ತಲುಪುವ ಜಾಗವೂ ಹಿಂದೆ ಮುಂದೆ ಆಗುತ್ತದೆ, ಹಾಗಾಗಿ ಒಂದು ಶಾಟ್‌ನಲ್ಲಿ ಫಾಸ್ಟ್ ಬೇಗ ಬಂದು ಗಾಳಿ ಸಿಕ್ಕಿಕೊಂಡರೆ ಇನ್ನೊಂದರಲ್ಲಿ ತಡವಾಗಿ ಬಂದು ಕೋಲ್ಡ್ ಶಟ್ (ತಣ್ಣಗಾದ ಲೋಹ ಒಂದಾಗಿ ಬೆಸೆಯದೆ ಉಳಿಯುವ ಗೆರೆ) ಆಗುತ್ತದೆ. ಬಿಸ್ಕೆಟ್ ತೀರಾ ತೆಳುವಾದರೆ ಅದು ಬೇಗ ಗಟ್ಟಿಯಾಗಿ, ಕೊನೆಯ ಒತ್ತಡ ಪೀಸ್ ತನಕ ಹೋಗುವುದೇ ಇಲ್ಲ. ಆದ್ದರಿಂದ ಬಿಸ್ಕೆಟ್ ಕುಣಿಯುತ್ತಿದ್ದರೆ ಅಲ್ಲೇ ನಿಲ್ಲಿಸಿ. ಮೊದಲು ಲ್ಯಾಡಲ್ ಸರಿ ಮಾಡಿ, ಆಮೇಲೆ ಪರೀಕ್ಷೆ ಮತ್ತೆ ಮೊದಲಿನಿಂದ.

ಲೆಕ್ಕ ಸುಲಭ. ಫಾಸ್ಟ್ ಸ್ಪೀಡ್ ಸೆಕೆಂಡಿಗೆ 3.0 ಮೀಟರ್ ಬೇಕು, 0.15 ಆಚೆ ಈಚೆ ನಡೆಯುತ್ತದೆ ಅಂತಿಟ್ಟುಕೊಳ್ಳಿ. ಎಕ್ಸೆಲ್‌ನಲ್ಲಿ 50 ಅಂಕಿಗಳ ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಳತೆ) 0.03 ಬಂತು. ಒಟ್ಟು ಅವಕಾಶ 0.30, ಅದನ್ನು 6 × 0.03ರಿಂದ ಭಾಗಿಸಿದರೆ ಸಿಎಂ (ಮಷೀನ್ ಎಷ್ಟು ಸ್ಥಿರ ಅನ್ನೋ ಅಂಕಿ) 1.67. ವಾಹನದ ಪಾರ್ಟ್ಸ್ ತೆಗೆದುಕೊಳ್ಳುವವರು ಸಾಮಾನ್ಯವಾಗಿ ಕೇಳುವುದೂ ಇಷ್ಟೇ. ಆದರೆ ಸರಾಸರಿ 3.05ಕ್ಕೆ ಸರಿದಿದ್ದರೆ ಮೇಲಿನ ಕಡೆ ಉಳಿದದ್ದು 0.10 ಮಾತ್ರ. ಅದನ್ನು 3 × 0.03ರಿಂದ ಭಾಗಿಸಿದರೆ ಸಿಎಂಕೆ (ಸರಾಸರಿ ಸರಿದದ್ದನ್ನೂ ಲೆಕ್ಕಕ್ಕೆ ಹಿಡಿದ ಅಂಕಿ) 1.11. ಅಂದರೆ ಮಷೀನ್ ಸ್ಥಿರವಾಗಿಯೇ ಇದೆ, ಸೆಟ್ಟಿಂಗ್ ಸರಿದಿದೆ ಅಷ್ಟೇ. ಅಂಥ ಕಡೆ ರಿಪೇರಿ ಬೇಡ, ಸೆಟ್ಟಿಂಗ್ ತಿದ್ದಿದರೆ ಸಾಕು. ಸಿಎಂ ಅಂಕಿಯೇ ಕಡಿಮೆ ಇದ್ದರೆ ಮಾತ್ರ ಸ್ಪ್ಯಾನರ್ ತೆಗೆಯಬೇಕು.

ಆದರೂ ಬರೀ ಸಿಎಂಕೆ ನೋಡಿ ತೀರ್ಮಾನ ಮಾಡಬೇಡಿ, ಅಂಕಿಗಳನ್ನು ಕ್ರಮವಾಗಿ ಗೆರೆ ಎಳೆದು ನೋಡಿ. ಸ್ಪೀಡ್ ನಿಧಾನವಾಗಿ ಒಂದೇ ಕಡೆ ಜಾರುತ್ತಿದ್ದರೆ ಎಣ್ಣೆ ಬಿಸಿಯಾಗುತ್ತಿದೆ. ನಮ್ಮ ಕಡೆಯ ಏಪ್ರಿಲ್ ಮಧ್ಯಾಹ್ನ ಕೂಲರ್‌ನಲ್ಲಿ ಕಸ ಕಟ್ಟಿದ್ದರೆ ಇದು ಗ್ಯಾರಂಟಿ. ಇದ್ದಕ್ಕಿದ್ದಂತೆ ಸ್ಪೀಡ್ ಬಿದ್ದು ಮತ್ತೆ ಏಳುತ್ತಿದ್ದರೆ ಟಿಪ್ ಸ್ಲೀವ್‌ನಲ್ಲಿ ಹಿಡಿಯುತ್ತಿದೆ. ಟಿಪ್‌ಗೆ ಹೋಗುವ ನೀರು, ಲೂಬ್ರಿಕೇಶನ್ ಎರಡೂ ನೋಡಿ. ಫಾಸ್ಟ್ ಸ್ಪೀಡ್ ಎಷ್ಟು ಏರಿಸಿದರೂ ಏರುತ್ತಿಲ್ಲವೆಂದರೆ ಅಕ್ಯುಮುಲೇಟರ್‌ನ (ಗ್ಯಾಸ್ ಬಲದಿಂದ ಎಣ್ಣೆಯ ಒತ್ತಡ ಕೂಡಿಡುವ ಟ್ಯಾಂಕ್) ಗ್ಯಾಸ್ ಪ್ರೆಶರ್ ಪರೀಕ್ಷಿಸಿ. ಅದಕ್ಕೆ ತುಂಬಿಸಬೇಕಾದದ್ದು ನೈಟ್ರೋಜನ್ ಮಾತ್ರ. ಸಿಲಿಂಡರ್ ಖಾಲಿ ಅಂತ ಪಕ್ಕದ ವೆಲ್ಡಿಂಗ್‌ನವರ ಆಕ್ಸಿಜನ್ ಹಾಕಿದರೆ ಎಣ್ಣೆ ಜೊತೆ ಸೇರಿ ಸಿಡಿಯುತ್ತದೆ, ಜೀವ ಹೋಗುತ್ತದೆ. ಇದನ್ನು ಹೊಸ ಹುಡುಗರಿಗೆ ದಯವಿಟ್ಟು ಮೊದಲ ದಿನವೇ ಹೇಳಿ.

ಫ್ಲ್ಯಾಶ್ (ಡೈ ಸಂದಿಯಿಂದ ಹೊರಬಂದ ತೆಳು ಲೋಹ) ಒಂದೇ ಮೂಲೆಯಲ್ಲಿ ಬರುತ್ತಿದ್ದರೆ ನಾಲ್ಕು ಟೈ ಬಾರ್‌ಗಳ (ಡೈ ಮುಚ್ಚಿ ಹಿಡಿಯುವ ಬಲ ಹೊರುವ ಕಂಬಿಗಳ) ಹೊರೆ ಸಮ ಇದೆಯಾ ನೋಡಿ. ಡೈ ಮುಖಗಳು ಸಮಾನಾಂತರ ಇವೆಯಾ ಅನ್ನೋದನ್ನೂ ನೋಡಿ.

ಎಲ್ಲ ಸರಿ ಬಂದ ಮೇಲೆ ಈ 50 ಅಂಕಿಗಳ ಹಾಳೆಯನ್ನು ಮಷೀನ್ ಫೈಲ್‌ನಲ್ಲಿ ಇಡಿ. ಟಿಪ್, ಸ್ಲೀವ್ ಅಥವಾ ವಾಲ್ವ್ ಬದಲಾಯಿಸಿದಾಗ ಮತ್ತೊಮ್ಮೆ ಹೊಡೆದು ಪಕ್ಕದಲ್ಲಿಟ್ಟು ಹೋಲಿಸಿ. ರಾತ್ರಿ ಶಿಫ್ಟ್‌ನಲ್ಲೂ ಒಂದು ಸಲ ಮಾಡಿಸಿ, ಲ್ಯಾಡಲ್ ಹಿಡಿಯುವ ಕೈ ಅಲ್ಲಿ ಬೇರೆ ಇರುತ್ತದೆ ಅಲ್ವಾ.