ಹಳೆಯ ಮಾರುತಿಗೆ ಯಾವ ಬ್ರೇಕ್ ಆಯಿಲ್? ನನ್ನ ಅನುಭವ

ಹಳೆಯ ಕಾರಿನ ಬ್ರೇಕ್ ಕೆಲಸಕ್ಕೆ ಕೈಹಾಕುವಾಗ ಯಾವ ಆಯಿಲ್ ತರಬೇಕೆಂದು ಯೋಚಿಸುವ ಮುಂಚೆ ಗಾಡಿಯೊಳಗೆ ಈಗ ಏನಿದೆ ಎಂಬುದನ್ನು ನಾನು ಪರೀಕ್ಷಿಸುತ್ತೇನೆ. ಕುರ್ಲಾದ ನನ್ನ ಗ್ಯಾರೇಜಿಗೆ ಬರುವ ಮಾರುತಿ 800, ಝೆನ್, ಅಪರೂಪಕ್ಕೊಮ್ಮೆ ಪ್ರೀಮಿಯರ್ ಪದ್ಮಿನಿ, ಇವೆಲ್ಲ ಹಲವರ ಕೈದಾಟಿ ಬಂದ ಗಾಡಿಗಳು. ಯಾರು ಯಾವಾಗ ಬ್ರೇಕ್ ಆಯಿಲ್ ಡಬ್ಬಿಗೆ ಏನು ಸುರಿದರು ಎಂಬುದಕ್ಕೆ ಲೆಕ್ಕವಿರುವುದಿಲ್ಲ.

ಮಾಟುಂಗಾದಲ್ಲಿ ನೆಲೆಸಿರುವ, ಬ್ಯಾಂಕಿನಿಂದ ನಿವೃತ್ತರಾದ ರಾಯರೊಬ್ಬರು ತಮ್ಮ ಮಾರುತಿ 800 ತಂದಿದ್ದರು. ಖಂಡಾಲಾ ಘಾಟಿಯಿಂದ ಖೋಪೋಲಿಗೆ ಇಳಿಯುವಾಗ ಪೆಡಲ್ ಮೆತ್ತಗಾಗಿ ಕೆಳಗೆ ಕುಸಿಯಿತು, ಗಾಡಿ ತಣಿದ ಮೇಲೆ ಮತ್ತೆ ಸರಿಯಾಯಿತು ಎಂಬುದು ಅವರ ದೂರು. ಬ್ರೇಕ್ ಆಯಿಲ್‌ನ ದರ್ಜೆಯನ್ನು ಡಾಟ್ ನಂಬರಿನಿಂದ ಗುರುತಿಸುತ್ತಾರೆ. "ಡಾಟ್ 5 ಹಾಕಿಬಿಡಿ, ಎಲ್ಲಕ್ಕಿಂತ ದೊಡ್ಡ ನಂಬರು ಅದೇ ಅಲ್ಲವೇ?" ಎಂದರು. "ಬೇಡ ರಾಯರೇ, ನಿಮ್ಮ ಗಾಡಿಗೆ ಅದು ಆಗಿಬರುವುದಿಲ್ಲ" ಎಂದು ಅವರನ್ನು ಕೂರಿಸಿ ಕಾರಣ ವಿವರಿಸಿದೆ.

ಡಾಟ್ 3, ಡಾಟ್ 4 ಮತ್ತು ಡಾಟ್ 5.1 ಮೂರೂ ಗ್ಲೈಕಾಲ್ ಎಂಬ ರಾಸಾಯನಿಕದ ಜಾತಿಯವು, ಒಂದರೊಡನೊಂದು ಬೆರೆಯುತ್ತವೆ. ಡಾಟ್ 5 ಮಾತ್ರ ಸಿಲಿಕೋನ್. ಅದು ಗ್ಲೈಕಾಲ್ ಜೊತೆ ಬೆರೆಯುವುದಿಲ್ಲ, ನೀರನ್ನೂ ಹೀರುವುದಿಲ್ಲ. ನೀರು ಹೀರದಿರುವುದು ಗುಣವೆಂದೇ ತೋರುತ್ತದೆ, ಆದರೆ ಒಳಸೇರಿದ ತೇವ ಕರಗದೆ ತಗ್ಗಿನ ಜಾಗದಲ್ಲಿ, ಅಂದರೆ ಚಕ್ರದ ಬಳಿ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಮತ್ತು ಕ್ಯಾಲಿಪರ್‌ಗಳಲ್ಲಿ, ಹನಿಯಾಗಿ ನಿಂತು ತುಕ್ಕು ಹಿಡಿಸುತ್ತದೆ, ಬಿಸಿ ಏರಿದರೆ 100 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ವರ್ಷಗಟ್ಟಲೆ ಗ್ಲೈಕಾಲ್ ತುಂಬಿಕೊಂಡಿದ್ದ ಪೈಪುಗಳನ್ನು ಪೂರ್ತಿ ಬರಿದು ಮಾಡಿ, ರಬ್ಬರ್‌ಗಳನ್ನೆಲ್ಲ ಬದಲಿಸದ ಹೊರತು ಸಿಲಿಕೋನ್ ಹಾಕುವುದನ್ನು ನಾನು ಒಪ್ಪುವುದಿಲ್ಲ. 5 ಮತ್ತು 5.1 ನಡುವಿನ ಆ ಚಿಕ್ಕ ಚುಕ್ಕೆಯನ್ನು ಗಮನಿಸದೆ ಬಾಟಲಿ ತರುವವರಿದ್ದಾರೆ. ದಯವಿಟ್ಟು ಎರಡು ಸಲ ಓದಿ.

ಘಾಟಿಯಲ್ಲಿ ಪೆಡಲ್ ಕುಸಿಯಲು ಮುಖ್ಯ ಕಾರಣ ನೀರು. ಗ್ಲೈಕಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಮುಂಬಯಿಯ ಗಾಳಿಯಲ್ಲಂತೂ ಅದಕ್ಕೆ ಬರವಿಲ್ಲ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ, ಸುಮಾರು ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದರೆ ಆಯಿಲ್ ಕುದಿದು ಆವಿಯಾಗುತ್ತದೆ. ಆವಿ ಅದುಮಿದರೆ ಕುಗ್ಗುವುದರಿಂದ ಕಾಲಿನ ಒತ್ತಡ ಚಕ್ರಕ್ಕೆ ಮುಟ್ಟುವುದೇ ಇಲ್ಲ. ರಾಯರ ಗಾಡಿಯ ಆಯಿಲ್ ಕಡು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಬಣ್ಣವೊಂದರಿಂದಲೇ ನೀರಿನ ಪ್ರಮಾಣ ತಿಳಿಯದು, ಆದರೆ ಬಹುಕಾಲ ಯಾರೂ ಬದಲಿಸಿಲ್ಲ ಎಂಬುದಂತೂ ಸ್ಪಷ್ಟವಾಯಿತು.

ಮುಂದಿನದು ನಾನು ಎಂದೂ ಬಿಡದ ಪರೀಕ್ಷೆ. ಡಬ್ಬಿಯಿಂದ ಸಿರಿಂಜಿನಲ್ಲಿ ಸ್ವಲ್ಪ ಆಯಿಲ್ ಎಳೆದು, ಗಾಜಿನ ಲೋಟದ ನೀರಿಗೆ ಕೆಲವು ಹನಿ ಬಿಟ್ಟು ಕಲಕುತ್ತೇನೆ. ಗ್ಲೈಕಾಲ್ ಆಗಿದ್ದರೆ ನೀರಿನಲ್ಲಿ ಕರಗಿಹೋಗುತ್ತದೆ. ಇಂಜಿನ್ ಆಯಿಲ್ ಅಥವಾ ಸ್ಟೀರಿಂಗ್ ಆಯಿಲ್ ಸೇರಿದ್ದರೆ ಮೇಲೆ ಜಿಡ್ಡು ತೇಲುತ್ತದೆ. ಹಾಗೆ ತೇಲಿದರೆ ಹೊಸ ಆಯಿಲ್ ತುಂಬಿ ಫಲವಿಲ್ಲ, ಏಕೆಂದರೆ ಅಷ್ಟರಲ್ಲಿ ಮಾಸ್ಟರ್ ಸಿಲಿಂಡರಿನ (ಪೆಡಲ್ ತುಳಿದಾಗ ಆಯಿಲನ್ನು ಪೈಪಿಗೆ ತಳ್ಳುವ ಭಾಗ) ರಬ್ಬರ್ ಕಪ್‌ಗಳು ಉಬ್ಬಿ, ಬೆರಳಲ್ಲಿ ಹಿಸುಕಿದರೆ ಮೆತ್ತಗೆ ಜಾರುವಂತಾಗಿರುತ್ತವೆ. ರಬ್ಬರ್ ಭಾಗಗಳನ್ನೆಲ್ಲ ಬದಲಿಸಿ, ಪೈಪುಗಳನ್ನು ತೊಳೆಯಲೇಬೇಕು. ತೊಳೆಯಲು ಸ್ಪಿರಿಟ್ ಅಥವಾ ಹೊಸ ಬ್ರೇಕ್ ಆಯಿಲನ್ನೇ ಬಳಸಬೇಕು. ಗ್ಯಾರೇಜಿನಲ್ಲಿ ಎಲ್ಲವನ್ನೂ ಡೀಸೆಲ್‌ನಲ್ಲಿ ಅದ್ದುವ ರೂಢಿಯಿದೆ, ಬ್ರೇಕಿನ ರಬ್ಬರ್‌ಗೆ ಅದು ಘಾತುಕ. ರಾಯರ ಗಾಡಿಯ ಹನಿ ಪೂರ್ತಿ ಕರಗಿದ್ದರಿಂದ ಅಷ್ಟು ಖರ್ಚು ತಪ್ಪಿತು.

ಅವರ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಎಂದಿತ್ತು. ನಾನು ಡಾಟ್ 4 ಆರಿಸಿದೆ: ಅದೇ ಜಾತಿಯದು, ಅದೇ ರಬ್ಬರ್‌ಗೆ ಒಗ್ಗುತ್ತದೆ, ಘಾಟಿ ಇಳಿಯುವವರಿಗೆ ಹೆಚ್ಚಿನ ಶಾಖವನ್ನು ತಾಳುತ್ತದೆ, ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಡಾಟ್ 5.1ಕ್ಕೆ ಹೆಚ್ಚು ಹಣ ಕೊಡುವ ಅಗತ್ಯ ಈ ಗಾಡಿಗೆ ನನಗೆ ಕಾಣಲಿಲ್ಲ. ಹಣ ಉಳಿದರೆ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಲು ಬಳಸಲಿ. ಸೀಲ್ ಒಡೆಯದ ಚಿಕ್ಕ ಬಾಟಲಿಗಳನ್ನೇ ತರಿಸುತ್ತೇನೆ. ತೆರೆದಿಟ್ಟು ಮಿಕ್ಕಿದ್ದನ್ನು ಮುಂದಿನ ಗಾಡಿಗೆ ಹಾಕುವುದಿಲ್ಲ, ಮಳೆ ಸುರಿಯುವ ದಿನ ತೆರೆದ ಜಾಗದಲ್ಲಿ ಈ ಕೆಲಸಕ್ಕೆ ಇಳಿಯುವುದೂ ಇಲ್ಲ.

ಏರ್ ತೆಗೆಯುವಾಗ, ಅಂದರೆ ಪೈಪುಗಳಲ್ಲಿ ಸಿಕ್ಕಿದ ಗಾಳಿಯನ್ನು ಹೊರಬಿಡುವಾಗ, ಹಳೆಯ ಗಾಡಿಯ ಪೆಡಲನ್ನು ತಳದವರೆಗೆ ತುಳಿಯಬಾರದು. ಮಾಸ್ಟರ್ ಸಿಲಿಂಡರಿನೊಳಗೆ ಕಪ್ ದಿನವೂ ಓಡಾಡುವ ಭಾಗ ನುಣುಪಾಗಿರುತ್ತದೆ, ಅದರಾಚೆಗೆ ತುಕ್ಕು ಮತ್ತು ಕಿಟ್ಟ ಕಟ್ಟಿರುತ್ತದೆ; ತಳದವರೆಗೆ ತುಳಿದರೆ ಕಪ್‌ನ ಅಂಚು ಅಲ್ಲಿ ಸವೆದು ಹರಿಯುತ್ತದೆ. ಆದ್ದರಿಂದ ಪೆಡಲ್ ಕೆಳಗೆ ಮರದ ತುಂಡೊಂದನ್ನು ಇಟ್ಟು, ಒಳಗೆ ಕುಳಿತ ಹುಡುಗನಿಗೆ ನಿಧಾನವಾಗಿ ತುಳಿಯಲು ಹೇಳುತ್ತೇನೆ. ಚಕ್ರದ ಬಳಿ ಆಯಿಲ್ ಹೊರಬಿಡುವ ನಿಪ್ಪಲ್‌ಗೆ ಪಾರದರ್ಶಕ ನಳಿಕೆ ಸಿಕ್ಕಿಸಿದರೆ ಕಪ್ಪು ಆಯಿಲ್ ಹೋಗಿ ತಿಳಿ ಹಳದಿ ಬರುವುದೂ, ಗುಳ್ಳೆ ನಿಲ್ಲುವುದೂ ಕಣ್ಣಿಗೆ ಕಾಣುತ್ತದೆ. ಯಾವ ಚಕ್ರದಿಂದ ಶುರುಮಾಡಬೇಕೆಂಬುದು ಗಾಡಿಯಿಂದ ಗಾಡಿಗೆ ಬೇರೆಯಾದ್ದರಿಂದ ಆ ಮಾಡೆಲ್ಲಿನ ಕೈಪಿಡಿಯ ಕ್ರಮವನ್ನೇ ಅನುಸರಿಸಬೇಕು. ಬಣ್ಣದ ಮೇಲೆ ಹನಿ ಬಿದ್ದರೆ ಕೂಡಲೇ ನೀರು ಸುರಿದು ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಎದ್ದುಬರುತ್ತದೆ.

ಕೊನೆಗೆ ಡಬ್ಬಿಯ ಕುತ್ತಿಗೆಗೆ "ಡಾಟ್ 4" ಎಂದೂ ಬದಲಿಸಿದ ತಿಂಗಳನ್ನೂ ಬರೆದ ಚೀಟಿ ಕಟ್ಟಿದೆ. ಮಟ್ಟ ಇಳಿದರೆ ಸುಮ್ಮನೆ ತುಂಬಬೇಡಿ, ಪ್ಯಾಡ್ ಸವೆದಿದೆಯೋ ಎಲ್ಲಾದರೂ ಸೋರುತ್ತಿದೆಯೋ ನೋಡಬೇಕು, ಗಾಡಿಯನ್ನು ಇಲ್ಲಿಗೇ ತನ್ನಿ ಎಂದು ರಾಯರಿಗೆ ಹೇಳಿ ಕಳಿಸಿದೆ.