ಪ್ರವಾಸೋದ್ಯಮ ಮಾರ್ಕೆಟಿಂಗ್: ಈ ಕೆಲಸಕ್ಕೆ ಸೇರುವುದು ಹೇಗೆ?

‘ನನಗೆ ತಿರುಗಾಟ ಅಂದ್ರೆ ಪ್ರಾಣ.’ ಈ ಕ್ಷೇತ್ರಕ್ಕೆ ಅರ್ಜಿ ಹಾಕುವವರು ತುಂಬಾ ಜನ ಶುರು ಮಾಡುವುದೇ ಹೀಗೆ. ಕೆಲಸ ಕೊಡುವವರಿಗೆ ಇದರಿಂದ ಏನೂ ಗೊತ್ತಾಗುವುದಿಲ್ಲ. ತಿರುಗಾಟ ಯಾರಿಗೆ ಬೇಡ, ಅಲ್ವಾ? ಇಲ್ಲಿ ನೀವು ಹೊರಡುವುದಲ್ಲ, ಬೇರೆಯವರನ್ನು ಹೊರಡಿಸಬೇಕು. ಜನ ರಜೆಯ ಮಜದಲ್ಲಿರುವಾಗ ನೀವು ಕಂಪ್ಯೂಟರ್ ಮುಂದೆ ಕೂತಿರುತ್ತೀರಿ. ಮಾರುವ ಸರಕೂ ವಿಚಿತ್ರ. ಕೊಳ್ಳುವವರು ಮುಟ್ಟಿ ನೋಡುವ ಹಾಗಿಲ್ಲ, ಹಿಡಿಸದಿದ್ದರೆ ವಾಪಸ್ ಕೊಡುವ ಹಾಗೂ ಇಲ್ಲ. ಇಷ್ಟು ಒಪ್ಪಿಗೆಯಾದರೆ ಮುಂದೆ ಓದಿ.

ಮೊದಲ ಹೆಜ್ಜೆ: ಯಾರ ಪರವಾಗಿ ಮಾರುತ್ತೀರಿ?

ಪ್ರವಾಸೋದ್ಯಮ ಮಾರ್ಕೆಟಿಂಗ್ ಅಂದರೆ ಒಂದೇ ಕೆಲಸ ಅಲ್ಲ. ಪ್ರವಾಸೋದ್ಯಮ ಮಂಡಳಿಗಳು ಇಡೀ ದೇಶವನ್ನೋ ನಗರವನ್ನೋ ಮಾರುತ್ತವೆ. ತಮಾಷೆ ಅಂದ್ರೆ, ಅಲ್ಲಿನ ಹೋಟೆಲು, ಬಸ್ಸು, ಸಮುದ್ರ ತೀರ ಯಾವುದೂ ಅವರದ್ದಲ್ಲ. ಪ್ರಚಾರ ಇವರದು, ಅನುಭವ ಕೊಡುವವರು ಬೇರೆಯವರು. ಫಲ ನಿಧಾನ, ಸಭೆ ಜಾಸ್ತಿ.

ಹೋಟೆಲಿನ ಲೆಕ್ಕ ಬೇರೆ. ಇವತ್ತು ರಾತ್ರಿ ಖಾಲಿ ಉಳಿದ ಕೋಣೆಯನ್ನು ನಾಳೆ ಮಾರಲು ಆಗುವುದಿಲ್ಲ. ಹಾಗಾಗಿ ಅಲ್ಲಿ ದಿನದಿನದ ಆತಂಕ. ವಿಮಾನ ಕಂಪನಿಗಳದ್ದೂ ಇದೇ ಕಥೆ. ಆನ್‌ಲೈನ್ ಬುಕಿಂಗ್ ತಾಣಗಳಲ್ಲಿ ಅಂಕಿಅಂಶದ ತಲೆ ಬೇಕು. ಪ್ರವಾಸದ ಪ್ಯಾಕೇಜ್ ಸಿದ್ಧಪಡಿಸುವ ಟೂರ್ ಆಪರೇಟರ್‌ಗಳಲ್ಲಿ ಹಲವರು ಪ್ರವಾಸಿಗರಿಗೆ ನೇರವಾಗಿ ಮಾರುವುದಿಲ್ಲ, ಟ್ರಾವೆಲ್ ಏಜೆಂಟರಿಗೆ ಮಾರುತ್ತಾರೆ. ಅಲ್ಲಿ ಚಂದದ ರೀಲ್ಸ್‌ಗಿಂತ ಫೋನಿಗೆ ತಕ್ಷಣ ಉತ್ತರ ಕೊಡುವ ಗುಣ ದೊಡ್ಡದು. ಜಾಹೀರಾತು ಮತ್ತು ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸಿಗಳಲ್ಲಿ ಕೆಲಸದ ಒತ್ತಡ ಹೆಚ್ಚು, ಆದರೆ ಬೇಗ ಕಲಿಯುತ್ತೀರಿ. ಎಲ್ಲಿ ಶುರು ಮಾಡಬೇಕು ಎಂದು ಗೊತ್ತಾಗದಿದ್ದರೆ ಏಜೆನ್ಸಿಯೋ ಹೋಟೆಲೋ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಮಾಡಿದ ಕೆಲಸ ಫಲಿಸಿತೋ ಇಲ್ಲವೋ ಅಲ್ಲಿ ಬೇಗ ತಿಳಿಯುತ್ತದೆ.

ಎರಡನೇ ಹೆಜ್ಜೆ: ಹಳೆಯ ಪ್ರಚಾರಗಳನ್ನು ಬಿಚ್ಚಿ ನೋಡಿ

ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಇದನ್ನು ಮಾಡಿ. ಒಂದೊಂದು ಪ್ರಚಾರಕ್ಕೂ ಮೂರು ಪ್ರಶ್ನೆ ಹಾಕಿ. ಯಾರಿಗಾಗಿ ಮಾಡಿದ್ದು? ಅವರು ಬರದಂತೆ ತಡೆಯುತ್ತಿದ್ದದ್ದು ಏನು? ಅವರು ಏನು ಮಾಡಲಿ ಎಂದು ಪ್ರಚಾರ ಮಾಡಿದವರು ಬಯಸಿದ್ದರು?

ಉತ್ತರ ಅಟ್ಲಾಂಟಿಕ್ ಸಾಗರದ ಫ್ಯಾರೋ ದ್ವೀಪಗಳನ್ನೇ ತೆಗೆದುಕೊಳ್ಳಿ. ಆ ದ್ವೀಪಗಳಿವೆ ಎಂಬುದೇ ಹೊರಗಿನ ಬಹಳ ಜನರಿಗೆ ಗೊತ್ತಿರಲಿಲ್ಲ. ನಕ್ಷೆಯಲ್ಲಿ ರಸ್ತೆಗಳ ಚಿತ್ರ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂ ಕೂಡ ಅಲ್ಲಿಗೆ ಬಂದಿರಲಿಲ್ಲ. 2016ರಲ್ಲಿ ಅಲ್ಲಿನವರು ಕುರಿಗಳ ಬೆನ್ನಿಗೆ ಕ್ಯಾಮೆರಾ ಕಟ್ಟಿ ತಾವೇ ಚಿತ್ರ ತೆಗೆಯಲು ಹೊರಟರು. ಸುದ್ದಿ ಎಷ್ಟು ಹಬ್ಬಿತು ಎಂದರೆ, ಕೊನೆಗೆ ಗೂಗಲ್ಲೇ ಕ್ಯಾಮೆರಾ ಕೊಟ್ಟಿತು. ದೊಡ್ಡ ಬಜೆಟ್ ಇರಲಿಲ್ಲ. ಇದ್ದದ್ದು ಒಂದು ಕೊರತೆ, ಅದನ್ನೇ ಕಥೆ ಮಾಡಿದರು.

2009ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಜಾಹೀರಾತಿನ ಬದಲು ಉದ್ಯೋಗ ಪ್ರಕಟಣೆ ಕೊಟ್ಟಿತು. ಆರು ತಿಂಗಳು ದ್ವೀಪ ನೋಡಿಕೊಳ್ಳುವ ಕೆಲಸ, ಒಂದೂವರೆ ಲಕ್ಷ ಆಸ್ಟ್ರೇಲಿಯನ್ ಡಾಲರ್ ಸಂಬಳ. 34 ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು. ಅರ್ಜಿಯ ಜೊತೆ ಒಂದು ವಿಡಿಯೊ ಕಳಿಸಬೇಕಿತ್ತು. ಅಂದರೆ ಪ್ರಚಾರದ ಸಾಮಗ್ರಿಯನ್ನು ಜನರೇ ತಯಾರಿಸಿ ಕೊಟ್ಟರು! 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿ ಯುರೋಪಿನ ವಿಮಾನಗಳನ್ನು ನಿಲ್ಲಿಸಿತ್ತು. ಆಗ ಆ ದೇಶ ಮಾಡಿದ ಪ್ರಚಾರವನ್ನೂ ಹುಡುಕಿ ಓದಿ. ಭಯ ಹೋಗಲಾಡಿಸಲು ಅವರು ಸರ್ಕಾರದ ಮಾತಿಗಿಂತ ಸಾಮಾನ್ಯ ಜನರ ಅನುಭವವನ್ನು ಮುಂದಿಟ್ಟರು.

ಮೂರನೇ ಹೆಜ್ಜೆ: ಬರವಣಿಗೆ, ಮತ್ತೆ ಲೆಕ್ಕ

ಪ್ರವಾಸೋದ್ಯಮದ ಅಥವಾ ಮಾರ್ಕೆಟಿಂಗ್‌ನ ಪದವಿ ಇದ್ದರೆ ಅನುಕೂಲ. ಇಲ್ಲದಿದ್ದರೂ ಬಾಗಿಲು ಮುಚ್ಚಿಲ್ಲ. ಭಾಷೆ, ಪತ್ರಿಕೋದ್ಯಮ, ವಾಣಿಜ್ಯ ಓದಿದವರೂ ಇಲ್ಲಿದ್ದಾರೆ. ಇನ್ನೊಂದು ದೇಶದ ಭಾಷೆ ಬಂದರೆ ನಿಮ್ಮ ಬೆಲೆ ಏರುತ್ತದೆ.

ಫೋಟೊ, ವಿಡಿಯೊ ಎಲ್ಲರೂ ಕಲಿಯುತ್ತಾರೆ. ಲೆಕ್ಕ ಕಲಿಯುವವರು ಕಡಿಮೆ. ನಿಮಗೆ ಮುಂದೆ ಹೋಗಲು ಜಾಗ ಇರುವುದು ಅಲ್ಲೇ. ಒಂದು ಜಾಹೀರಾತನ್ನು ಸಾವಿರ ಜನ ಒತ್ತಿದರು, 20 ಜನ ಬುಕ್ ಮಾಡಿದರು ಅಂತಿಟ್ಟುಕೊಳ್ಳಿ. ಶೇ 2ರಷ್ಟು ಆಯಿತು. ಉಳಿದ 980 ಜನ ಎಲ್ಲಿ ಕೈಬಿಟ್ಟರು? ಪುಟ ತೆರೆಯುವುದು ತಡವಾಯಿತೇ, ಬೆಲೆ ನೋಡಿ ಹೆದರಿದರೇ, ರದ್ದು ಮಾಡಿದರೆ ಹಣ ವಾಪಸ್ ಬರುತ್ತದೋ ಇಲ್ಲವೋ ತಿಳಿಯಲಿಲ್ಲವೇ? ಇದನ್ನು ಹುಡುಕುವವರು ಯಾವ ಕಚೇರಿಗೂ ಬೇಕು. ಬುಕಿಂಗ್ ತಾಣದ ಮೂಲಕ ಬಂದ ಪ್ರತಿ ಅತಿಥಿಗೂ ಹೋಟೆಲು ಕಮಿಷನ್ ಕೊಡಬೇಕು. ಅದಕ್ಕೇ ನೇರ ಬುಕಿಂಗ್ ಹೆಚ್ಚಿಸಿ ಎಂದು ಮಾಲೀಕರು ಬೆನ್ನು ಬೀಳುವುದು. ವೆಬ್‌ಸೈಟಿಗೆ ಬಂದವರು ಏನು ಮಾಡಿದರು ಎಂದು ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಬಳಸುವುದನ್ನು ಗೂಗಲ್ ಕಂಪನಿಯೇ ಆನ್‌ಲೈನ್‌ನಲ್ಲಿ ಉಚಿತವಾಗಿ ಕಲಿಸುತ್ತದೆ. ಅಲ್ಲಿಂದ ಶುರು ಮಾಡಿ.

ನಾಲ್ಕನೇ ಹೆಜ್ಜೆ: ಒಂದು ಜಾಗ, ಒಬ್ಬ ಪ್ರವಾಸಿ

ಕೆಲಸ ಸಿಗುವ ಮೊದಲೇ ಕೆಲಸ ಮಾಡಿ ತೋರಿಸಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಜಾಗ ಆರಿಸಿ. ಅದನ್ನು ‘ಎಲ್ಲರಿಗೂ’ ಮಾರಲು ಹೋಗಬೇಡಿ. ಮಂಡಿನೋವಿರುವ ವಯಸ್ಸಾದ ದಂಪತಿಗೆ ಮಾರಿ. ಆಗ ‘ಸ್ವರ್ಗದಂಥ ತಾಣ’ ಎಂಬ ಮಾತು ತಾನಾಗಿಯೇ ಉದುರಿಹೋಗುತ್ತದೆ. ಮೆಟ್ಟಿಲು ಎಷ್ಟು, ಕೂರಲು ಎಲ್ಲಿದೆ, ಶೌಚಾಲಯ ಎಷ್ಟು ದೂರ, ಯಾವ ಹೊತ್ತಿನಲ್ಲಿ ಜನ ಕಡಿಮೆ ಎಂದು ಬರೆಯಲೇಬೇಕಾಗುತ್ತದೆ. ಎರಡು ಪುಟದ ಯೋಜನೆ, ಒಂದು ಚಿಕ್ಕ ವಿಡಿಯೊ, ಮೂರು ಪೋಸ್ಟ್ ಸಾಕು. ಎಷ್ಟು ಜನ ನೋಡಿದರು, ಎಷ್ಟು ಜನ ಪ್ರಶ್ನೆ ಕೇಳಿದರು ಎಂಬುದನ್ನು ಇದ್ದ ಹಾಗೇ ಬರೆದಿಡಿ. ಅಂಕಿ ಚಿಕ್ಕದಾದರೂ ಪರವಾಗಿಲ್ಲ. ಬೇರೆಯವರ ಫೋಟೊ ಮಾತ್ರ ಕೇಳದೆ ಬಳಸಬೇಡಿ. ಕಸದ ರಾಶಿಯನ್ನು ಕತ್ತರಿಸಿ ತೆಗೆದ ಚಿತ್ರವೂ ಬೇಡ. ಬಂದವರು ಅದನ್ನು ನೋಡಿ ರಿವ್ಯೂನಲ್ಲಿ ಬರೆದೇ ಬರೆಯುತ್ತಾರೆ.

ಐದನೇ ಹೆಜ್ಜೆ: ಒಳಗೆ ಕಾಲಿಡುವುದು

ಇಂಟರ್ನ್‌ಶಿಪ್ ರಾಜಮಾರ್ಗ. ಹೋಟೆಲಿನ ರಿಸೆಪ್ಷನ್, ಬುಕಿಂಗ್ ವಿಭಾಗ, ಗೈಡ್ ಕೆಲಸದಿಂದ ಬಂದವರನ್ನೂ ಕೀಳಾಗಿ ಕಾಣಬೇಡಿ. ಪ್ರವಾಸಿಗರು ದಿನಾ ಕೇಳುವ ಪ್ರಶ್ನೆಗಳು ಅವರಿಗೆ ಬಾಯಿಪಾಠ. ಬರ್ಲಿನ್ನಿನ ಐಟಿಬಿ, ಲಂಡನ್ನಿನ ವರ್ಲ್ಡ್ ಟ್ರಾವೆಲ್ ಮಾರ್ಕೆಟ್‌ನಂಥ ಪ್ರವಾಸೋದ್ಯಮ ಮೇಳಗಳಿಗೆ ಹೋಗಲು ಆಗದಿದ್ದರೂ ಅವುಗಳ ಪ್ರದರ್ಶಕರ ಪಟ್ಟಿ ನೋಡಿ. ಯಾವ ಸಂಸ್ಥೆ ಪ್ರಚಾರಕ್ಕೆ ಖರ್ಚು ಮಾಡುತ್ತಿದೆ ಎಂದು ಅಂದಾಜು ಸಿಗುತ್ತದೆ.

ಅರ್ಜಿ ಕಳಿಸುವಾಗ ಬರೀ ರೆಸ್ಯೂಮ್ ಬೇಡ. ಆ ಸಂಸ್ಥೆಯ ವೆಬ್‌ಸೈಟನ್ನು ಪ್ರವಾಸಿಗನ ಹಾಗೆ ಬಳಸಿ, ಎಲ್ಲಿ ತಡವರಿಸಿದಿರಿ, ಹೇಗೆ ಸರಿಪಡಿಸಬಹುದು ಎಂದು ಒಂದು ಪುಟ ಬರೆದು ಜೊತೆಗಿಡಿ. ವಿನಯವಾಗಿ, ಅಷ್ಟೇ.

ಸೇರಿದ ಮೇಲೆ ‘ಫ್ಯಾಮ್ ಟ್ರಿಪ್’ ಎಂಬ ಮಾತು ಕೇಳುತ್ತೀರಿ. ಏಜೆಂಟರಿಗೆ, ಪತ್ರಕರ್ತರಿಗೆ ಜಾಗ ಪರಿಚಯಿಸುವ ಪ್ರವಾಸ ಅದು. ಪುಕ್ಕಟೆ ಮಜಾ ಅಂದುಕೊಳ್ಳಬೇಡಿ. ಬೆಳಗಿನಿಂದ ಒಂದಾದ ಮೇಲೊಂದು ಹೋಟೆಲಿನ ಕೋಣೆ ತೋರಿಸುತ್ತಾ ಓಡಾಡಬೇಕು. ರಾತ್ರಿ ಊಟದಲ್ಲೂ ನಗುತ್ತಿರಬೇಕು.

ಸಂದರ್ಶನಕ್ಕೆ ಹೋಗುವ ಮೊದಲು ಇನ್ನೊಂದು ವಿಷಯ ಓದಿಕೊಳ್ಳಿ: ಜನ ಅತಿಯಾಗಿ ಬರುವ ಸಮಸ್ಯೆ. 2023ರಲ್ಲಿ ಆಮ್‌ಸ್ಟರ್‌ಡ್ಯಾಮ್ ಗಲಾಟೆ ಮಾಡುವ ಬ್ರಿಟಿಷ್ ಯುವಕರಿಗೆ ‘ಬರಬೇಡಿ’ ಎಂದೇ ಜಾಹೀರಾತು ಕೊಟ್ಟಿತು. 2024ರಲ್ಲಿ ವೆನಿಸ್ ಕೆಲವು ದಿನಗಳಲ್ಲಿ ಒಂದು ದಿನಕ್ಕೆಂದು ಬರುವವರಿಂದ ಐದು ಯೂರೊ ಶುಲ್ಕ ಪಡೆಯಲು ಶುರು ಮಾಡಿತು. ಯಾರನ್ನು, ಯಾವ ತಿಂಗಳಲ್ಲಿ, ಎಷ್ಟು ದಿನಕ್ಕೆ ಕರೆಸಬೇಕು ಎಂಬುದು ಈಗ ಕೆಲಸದ ಭಾಗವೇ. ‘ನಮ್ಮಲ್ಲಿಗೆ ಜನ ಜಾಸ್ತಿ ಆಗಿದ್ದಾರೆ, ನೀವೇನು ಮಾಡುತ್ತೀರಿ?’ ಎಂದು ಕೇಳಿದರೆ, ಸೀಸನ್ ಇಲ್ಲದ ತಿಂಗಳುಗಳಲ್ಲಿ ಅಲ್ಲಿ ಏನಿದೆ ಎಂಬಲ್ಲಿಂದ ಉತ್ತರ ಶುರು ಮಾಡಿ.