ಕುಚ್ಚಲಕ್ಕಿ ಗಂಜಿ: ಅಗುಳು ಬಾಯಿ ಬಿಡಬೇಕು, ಕರಗಬಾರದು

‘ರಾತ್ರಿ ಊಟಕ್ಕೆ ಗಂಜಿ’ ಅಂದರೆ ಘಟ್ಟದ ಮೇಲಿನ ಗೆಳತಿಯರು ತಕ್ಷಣ ಕೇಳುತ್ತಾರೆ, ‘ಯಾಕೆ, ಹುಷಾರಿಲ್ವಾ?’ ಕರಾವಳಿಯ ಮನೆಗಳಲ್ಲಿ ಹಾಗೆ ಯಾರೂ ಕೇಳುವುದಿಲ್ಲ. ಅಲ್ಲಿ ಗಂಜಿ ಕಾಯಿಲೆಯವರ ಊಟ ಅಲ್ಲ. ಗದ್ದೆಗೆ ಇಳಿಯುವ ಮೊದಲು ಉಣ್ಣುವುದು ಅದನ್ನೇ, ಮದುವೆ ಮನೆಯಿಂದ ಹೊಟ್ಟೆ ಭಾರ ಮಾಡಿಕೊಂಡು ಬಂದ ರಾತ್ರಿ ಬೇಕೆನಿಸುವುದೂ ಅದೇ.

ಆದರೆ ಅನ್ನಕ್ಕೆ ನೀರು ಸುರಿದು ಕುದಿಸಿದರೆ ಗಂಜಿ ಆಗುವುದಿಲ್ಲ. ಬೆಂಗಳೂರಿಗೆ ಬಂದ ಹೊಸತರಲ್ಲಿ ನಾನು ಸೋನಾ ಮಸೂರಿಯನ್ನು ಜಾಸ್ತಿ ನೀರಿಟ್ಟು ಕುಕ್ಕರಿನಲ್ಲಿ ಕೂಗಿಸಿದ್ದೆ. ಮುಚ್ಚಳ ತೆಗೆದರೆ ಅಂಟು ಪೇಸ್ಟ್! ಅಮ್ಮನಿಗೆ ಫೋನ್ ಮಾಡಿದಾಗ ಮೊದಲು ಕೇಳಿದ್ದು, ‘ಅಕ್ಕಿ ಯಾವುದು?’ ನಾವೂ ಅಲ್ಲಿಂದಲೇ ಶುರು ಮಾಡೋಣ.

ಅಕ್ಕಿ

ಬೇಕಾದದ್ದು ಕೆಂಪು ಕುಚ್ಚಲಕ್ಕಿ. ಭತ್ತವನ್ನು ಸಿಪ್ಪೆಸಮೇತ ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕಿದ ಅಕ್ಕಿ ಇದು. ಹಾಗೆ ಬೇಯುವಾಗ ತೌಡಿನಲ್ಲಿರುವ ಬಿ ವಿಟಮಿನ್‌ಗಳಲ್ಲಿ ಒಂದಷ್ಟು ಕಾಳಿನ ಒಳಕ್ಕೆ ಇಳಿಯುತ್ತವೆ. ಒಳಗಿನ ಹಿಟ್ಟಿನಂಶ ಒಮ್ಮೆ ಬೆಂದು ಗಟ್ಟಿಯಾಗಿರುತ್ತದೆ. ಅದಕ್ಕೇ ಗಂಟೆಗಟ್ಟಲೆ ಕುದಿಸಿದರೂ ಅಗುಳು ಬಿಡಿಬಿಡಿಯಾಗಿ ಉಳಿಯುವುದು. ಭತ್ತವನ್ನು ಬೇಯಿಸದೆ ಮಿಲ್ಲಿಗೆ ಹಾಕಿದ ಬೆಳ್ತಿಗೆ ಅಕ್ಕಿಯಲ್ಲಿ ಇದು ಸಾಧ್ಯವೇ ಇಲ್ಲ. ಪಾಲಿಶ್ ಕಡಿಮೆ ಇರುವ, ಕೆಂಪು ಗೆರೆಗಳು ಎದ್ದು ಕಾಣುವ ಅಕ್ಕಿ ಸಿಕ್ಕರೆ ಅದನ್ನೇ ತನ್ನಿ.

ಬೇಯಿಸುವುದು

ಮೂರು ಜನಕ್ಕೆ ಒಂದು ಲೋಟ ಅಕ್ಕಿ ಸಾಕು. ಮೂರು ನಾಲ್ಕು ಸಲ ತೊಳೆದು ಅರ್ಧ ಗಂಟೆ ನೆನೆಸಿ. ದಪ್ಪ ತಳದ, ದೊಡ್ಡ ಪಾತ್ರೆಯಲ್ಲಿ ಎಂಟು ಲೋಟ ನೀರು ಕಾಯಲು ಇಡಿ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ನೆನೆಸಿದ ನೀರು ಚೆಲ್ಲಿ ಅಕ್ಕಿ ಹಾಕಿ.

ಮೊದಲ ಹತ್ತು ನಿಮಿಷ ಒಲೆ ಬಿಟ್ಟು ಹೋಗಬೇಡಿ. ನೊರೆ ಉಕ್ಕಿ ಬರುತ್ತದೆ. ಪಾತ್ರೆಯ ಬಾಯಿಗೆ ಅಡ್ಡಲಾಗಿ ಮರದ ಸೌಟು ಇಟ್ಟು, ಅದರ ಮೇಲೆ ಮುಚ್ಚಳವನ್ನು ಓರೆಯಾಗಿ ಇಡಿ. ನೊರೆ ತಗ್ಗಿದ ಮೇಲೆ ಉರಿ ಮಧ್ಯಮಕ್ಕೆ ಇಳಿಸಿ. ಇನ್ನು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಅದರ ಪಾಡಿಗೆ ಬೇಯಲಿ. ನಡುವೆ ಎರಡು ಮೂರು ಸಲ ತಳ ಮುಟ್ಟಿ ಕೈಯಾಡಿಸಿದರೆ ಸಾಕು. ನೀರು ಕಡಿಮೆಯಾದರೆ ಕುದಿಯುವ ನೀರನ್ನೇ ಸೇರಿಸಿ. ತಣ್ಣೀರು ಹಾಕಿದರೆ ಕುದಿ ನಿಂತುಬಿಡುತ್ತದೆ, ಮತ್ತೆ ಅಷ್ಟು ಹೊತ್ತು ಕಾಯಬೇಕು.

ಈಗ ಮುಖ್ಯವಾದ ಮಾತು. ಗಡಿಯಾರ ನೋಡಬೇಡಿ, ಅಗುಳು ನೋಡಿ. ಸೌಟಿನಲ್ಲಿ ನಾಲ್ಕು ಅಗುಳು ಎತ್ತಿ, ಸ್ವಲ್ಪ ಆರಿದ ಮೇಲೆ ಒಂದನ್ನು ಬೆರಳಿನಲ್ಲಿ ಹಿಚುಕಿ. ನಡುವೆ ಬಿಳಿ ಚುಕ್ಕೆ ಕಂಡರೆ ಇನ್ನೂ ಬೆಂದಿಲ್ಲ. ಬೆಂದ ಅಗುಳಿನ ಹೊಟ್ಟೆ ಉದ್ದಕ್ಕೆ ಸೀಳಿರುತ್ತದೆ. ಎರಡೂ ತುದಿ ಮಾತ್ರ ಹಾಗೇ ಉಳಿದಿರುತ್ತದೆ. ಇದನ್ನೇ ‘ಅಗುಳು ಬಾಯಿ ಬಿಟ್ಟಿದೆ’ ಅನ್ನುವುದು. ಆ ಹೊತ್ತಿಗೆ ಮೇಲಿನ ನೀರು, ಅಂದರೆ ತೆಳಿ, ತಿಳಿ ಕೆಂಪಾಗಿ ಸ್ವಲ್ಪ ಮಂದವಾಗಿರುತ್ತದೆ. ಒಲೆ ಆರಿಸಿ, ಉಪ್ಪು ಹಾಕಿ, ಹದಿನೈದು ನಿಮಿಷ ಮುಚ್ಚಿಡಿ. ಬಡಿಸುವಾಗ ಸೌಟಿನಲ್ಲಿ ಅರ್ಧ ಅಗುಳು, ಅರ್ಧ ತೆಳಿ ಬರಬೇಕು.

ಸಮಯ ಇಲ್ಲದವರು ಕುಕ್ಕರಿನಲ್ಲೂ ಮಾಡಬಹುದು. ಎರಡು ಕೂಗು, ಆಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಒತ್ತಡ ತಾನಾಗಿ ಇಳಿಯುವವರೆಗೆ ಮುಟ್ಟಬೇಡಿ. ತೆರೆದ ಪಾತ್ರೆಯ ರುಚಿ ಬರುವುದಿಲ್ಲ, ಆದರೆ ಮೋಸವಿಲ್ಲ.

ನೆಂಚಿಕೊಳ್ಳಲು

ಗಂಜಿ ಸಪ್ಪೆ. ಸಪ್ಪೆ ಇರುವುದೇ ಅದರ ಗುಣ. ಹಾಗಾಗಿ ಪಕ್ಕದಲ್ಲಿ ಇರುವುದು ಉಪ್ಪು, ಹುಳಿ, ಖಾರ ಮೂರರಲ್ಲೂ ಜೋರಾಗಿರಬೇಕು. ನನ್ನ ಮಟ್ಟಿಗೆ ಹುರುಳಿ ಚಟ್ನಿಯ ಸಮಕ್ಕೆ ಬೇರೊಂದಿಲ್ಲ. ತುಳುವರು ಇದನ್ನು ಕುಡುತ ಚಟ್ನಿ ಅನ್ನುತ್ತಾರೆ. ಎರಡು ದೊಡ್ಡ ಚಮಚ ಹುರುಳಿಯನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿಯಿರಿ. ಐದು ಬ್ಯಾಡಗಿ ಮೆಣಸನ್ನು ಎರಡು ಹನಿ ತೆಂಗಿನೆಣ್ಣೆಯಲ್ಲಿ ಗರಿಗರಿ ಮಾಡಿ. ಮೊದಲು ಇವೆರಡನ್ನೇ ಪುಡಿ ಮಾಡಿಕೊಳ್ಳಿ. ಆಮೇಲೆ ಒಂದು ಕಪ್ ತೆಂಗಿನ ತುರಿ, ಸ್ವಲ್ಪ ಹುಣಸೆಹಣ್ಣು, ಎರಡು ಎಸಳು ಬೆಳ್ಳುಳ್ಳಿ, ಉಪ್ಪು ಹಾಕಿ ತರಿತರಿಯಾಗಿ ರುಬ್ಬಿ. ನೀರು ಒಂದೆರಡು ಚಮಚ ಸಾಕು. ಉಂಡೆ ಕಟ್ಟಲು ಬರುವಷ್ಟು ಗಟ್ಟಿ ಇರಬೇಕು.

ಒಂದೊಂದು ಮನೆಗೆ ಒಂದೊಂದು ಜೋಡಿ. ಕೆಲವರಿಗೆ ಮಾವಿನ ಮಿಡಿ, ಕೆಲವರಿಗೆ ಸುಟ್ಟ ಹಲಸಿನ ಹಪ್ಪಳ. ಮೀನು ತಿನ್ನುವವರಿಗೆ ಒಣ ಸಿಗಡಿಯ ಚಟ್ನಿ ಇದ್ದರೆ ಇನ್ನೇನೂ ಬೇಡ. ಕೊಂಕಣಿ ಮನೆಗಳಲ್ಲಿ ಇದೇ ಗಂಜಿಗೆ ಪೇಜ್ ಎಂದು ಹೆಸರು. ಆಟಿ ಎಂಬ ತುಳು ತಿಂಗಳಿನ ಅಮಾವಾಸ್ಯೆಯ ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿದ ಮೇಲೆ ತುಳುನಾಡಿನಲ್ಲಿ ಮೆಂತೆ ಗಂಜಿ ಉಣ್ಣುತ್ತಾರೆ. ಕಷಾಯ ಉಷ್ಣ, ಮೆಂತೆ ತಂಪು ಎಂಬ ಲೆಕ್ಕ. ರಾತ್ರಿ ನೆನೆಸಿದ ಒಂದು ಚಮಚ ಮೆಂತೆಯನ್ನು ಅಕ್ಕಿಯ ಜೊತೆಗೇ ಬೇಯಿಸಿ, ಕೊನೆಗೆ ತೆಂಗಿನ ಹಾಲು ಹಾಕಿದರೆ ಆಯಿತು.

ದೂರದ ಅಡುಗೆ ಮನೆಗಳಲ್ಲಿ

ಇಂಗ್ಲಿಷಿನವರು ‘ಕಾಂಜಿ’ ಅನ್ನುವುದು ನಮ್ಮ ದಕ್ಷಿಣದ ‘ಕಂಜಿ’ಯನ್ನೇ. ಪೋರ್ಚುಗೀಸರ ಬಾಯಿಂದ ಅವರ ಬಾಯಿಗೆ ಹೋದ ಮಾತು. ಈಗ ಅವರು ಆ ಹೆಸರಿನಲ್ಲಿ ಹೆಚ್ಚಾಗಿ ಕರೆಯುವುದು ಚೀನಾದ ಗಂಜಿಯನ್ನು! ಕ್ಯಾಂಟನ್ ಕಡೆಯವರ ಜೂಕ್‌ನಲ್ಲಿ ಅಗುಳು ಉಳಿಯಲೇಬಾರದು. ತೊಳೆದ ಬೆಳ್ತಿಗೆ ಅಕ್ಕಿಗೆ ಒಂದು ಚಮಚ ಎಣ್ಣೆ, ಚಿಟಿಕೆ ಉಪ್ಪು ಸವರಿ ಅರ್ಧ ಗಂಟೆ ಇಡುತ್ತಾರೆ. ಹತ್ತು ಪಾಲು ನೀರಿನಲ್ಲಿ ಗಂಟೆಗೂ ಹೆಚ್ಚು ಕುದಿಸಿ, ಆಗಾಗ ತಿರುವಿ, ರೇಷ್ಮೆಯಂತೆ ನುಣ್ಣಗೆ ಮಾಡುತ್ತಾರೆ. ಮೇಲೆ ಸಣ್ಣಗೆ ಹೆಚ್ಚಿದ ಶುಂಠಿ, ಈರುಳ್ಳಿ ಸೊಪ್ಪು.

ಅದೇ ಪ್ರಾಂತದ ತಿಯೋಚೂ ಜನರ ಗಂಜಿ ಬೇರೆ. ಅದು ತೆಳ್ಳಗೆ, ಅಗುಳು ಬಿಡಿಬಿಡಿ. ಪಕ್ಕಕ್ಕೆ ಉಪ್ಪಿನಲ್ಲಿ ಹಾಕಿದ ಮೂಲಂಗಿ, ಉಪ್ಪಿನ ಮೊಟ್ಟೆ. ಎಲ್ಲಿಯ ದಕ್ಷಿಣ ಚೀನಾ, ಎಲ್ಲಿಯ ಕುಂದಾಪುರ, ಆದರೂ ಬಟ್ಟಲು ಒಂದೇ ಅನಿಸುತ್ತದೆ ಅಲ್ವಾ? ಜಪಾನಿನವರು ಗಂಜಿಯ ನಡುವೆ ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣೊಂದನ್ನು, ಉಮೆಬೋಶಿಯನ್ನು, ಇಡುತ್ತಾರೆ. ನಮ್ಮ ಮಿಡಿಯ ಜಾಗದಲ್ಲಿ ಅದು. ಜನವರಿ 7ರಂದು ಏಳು ಬಗೆಯ ಸೊಪ್ಪು ಹಾಕಿದ ಗಂಜಿ ಉಣ್ಣುವ ಪದ್ಧತಿಯೂ ಅಲ್ಲಿದೆ. ಇನ್ನು ತಮಿಳುನಾಡಿನ ಮಸೀದಿಗಳಲ್ಲಿ ರಂಜಾನ್ ಸಂಜೆ ಹಂಚುವ ನೋಂಬು ಕಂಜಿಯಲ್ಲಿ ಅಕ್ಕಿಯ ಜೊತೆ ಹೆಸರುಬೇಳೆ, ಮೆಂತೆ, ಶುಂಠಿ, ಬೆಳ್ಳುಳ್ಳಿ ಸೇರುತ್ತವೆ. ಇಡೀ ದಿನ ಖಾಲಿ ಇದ್ದ ಹೊಟ್ಟೆಗೆ ಮೊದಲು ಇಳಿಯುವುದು ಅದು.

ಉಳಿದರೆ

ಉಳಿದ ಅಗುಳನ್ನು ಸೋಸಿ ಮಣ್ಣಿನ ಪಾತ್ರೆಗೆ ಹಾಕಿ, ಮುಳುಗುವಷ್ಟು ಕುಡಿಯುವ ನೀರು ಸುರಿದು ತಂಪಾದ ಜಾಗದಲ್ಲಿ ಇಡಿ. ಬೆಳಿಗ್ಗೆ ಸಣ್ಣಗೆ ಹುಳಿ ಬಂದಿರುತ್ತದೆ. ಮೊಸರು, ಉಪ್ಪು, ಜಜ್ಜಿದ ಹಸಿಮೆಣಸು, ಎರಡು ಸಣ್ಣ ಈರುಳ್ಳಿ ಹಾಕಿ ಕೈಯಲ್ಲೇ ಕಿವುಚಿಕೊಳ್ಳಿ. ಚಮಚ ಬೇಡ.